ಕರಕಿ ಹೊಲದ ಆಟ

ಮಗ ಹಾವು ಹೊಡೆಯುತ್ತಿದ್ದಾನೆ ಎಂದುಕೊಂಡು ಸಿದ್ದಲಿಂಗವ್ವ ಒನಕೆ ಎತ್ತಿಕೊಂಡು ಹಿತ್ತಲಿಗೆ ಓಡಿದಳು. ಎಪ್ಪತ್ತು ದಾಟಿದ ಜೀವ, ಎರಡೂ ಮೊಣಕಾಲು ಎಂದೋ ಕೈಕೊಟ್ಟಿದ್ದವು. ಆದರೂ ಮಗ ಅಂದ ಮೇಲೆ ಕಾಲು ಯಾರ ಮಾತು ಕೇಳುತ್ತವೆ? ಹಿತ್ತಲ ನುಗ್ಗೆ ಗಿಡದ ಕೆಳಗೆ ಮಹಾದೇವ ಕಾಲು ಅಗಲಿಸಿ, ಬೆನ್ನು ಬಗ್ಗಿಸಿ, ಒಂದು ಕಬ್ಬಿಣದ ಕೋಲು ಹಿಡಿದು ನಿಂತಿದ್ದ. ಕೋಲಿನ ತುದಿ ಸೊಟ್ಟ ಸೌಟಿನ ಹಾಗಿತ್ತು. ಅದನ್ನು ಹೆಗಲ ಮೇಲಕ್ಕೆತ್ತಿ ಬೀಸಿ ಹೊಡೆದ. ಮಣ್ಣು ಹಾರಿ ಅವನ ಮೀಸೆಗೇ ಬಡಿಯಿತು.

“ಎಲ್ಲಿ ಹೋತೋ ಹಾವು?”

“ಹಾವಲ್ಲ ಬೇ ಯವ್ವಾ. ಆಟ.”

ನಲವತ್ತೈದು ವರ್ಷದ ಮಗ, ಬೈಲಹೊಂಗಲದ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು, ಮದುವೆಗೆ ಬಂದ ಮಗಳಿದ್ದವನು, ಬೆಳಗಾಗುವುದರೊಳಗೆ ಹಿತ್ತಲಲ್ಲಿ ಆಟ ಆಡುತ್ತಾನೆ ಎಂದರೆ ತಾಯಿಯ ಎದೆ ಏನಾಗಬೇಕು? ಒನಕೆ ಕೈಯಿಂದ ಜಾರಿತು. ಹಾವೇ ಇದ್ದಿದ್ದರೂ ಆಕೆ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಆಗಿದ್ದು ಇಷ್ಟು. ಎರಡು ಸಾವಿರದ ಒಂದನೆಯ ಇಸವಿಯ ಬೇಸಿಗೆಯಲ್ಲಿ ಒಂದು ಬೀಜದ ಕಂಪನಿ ಅಂಗಡಿಕಾರರನ್ನೆಲ್ಲ ಬೆಳಗಾವಿಗೆ ಕರೆಸಿ ಊಟ ಹಾಕಿಸಿ, ಊಟ ಅರಗಲೆಂದು ಗಾಲ್ಫ್ ಮೈದಾನಕ್ಕೆ ಕರೆದೊಯ್ದಿತ್ತು. ಎಲ್ಲರ ಕೈಗೂ ಒಂದೊಂದು ಕೋಲು ಕೊಟ್ಟರು. ಒಬ್ಬ ನೆಲ ಅಗೆದ, ಒಬ್ಬ ಕೋಲನ್ನೇ ಒಗೆದ. ಮಹಾದೇವನೂ ಮೊದಲು ಬರೀ ಗಾಳಿಗೆ ಹೊಡೆದ. ಆಮೇಲೆ ಅದು ಹೇಗೋ ಏನೋ, ಟಕ್ ಎಂದು ಒಂದು ಸದ್ದು. ಚೆಂಡು ಮೇಲೆದ್ದು ಆಕಡೆಯ ಮಾವಿನ ಗಿಡ ದಾಟಿ ಹೋಯಿತು. ನಿಂತವರೆಲ್ಲ ಬಾಯಿ ತೆರೆದು ನೋಡಿದರು. ಮೀಸೆ ಮೂಡುವ ವಯಸ್ಸಿನಿಂದ ಯೂರಿಯಾ ಚೀಲ ಹೊರಿಸುತ್ತ ಬಂದವನು ಅವನು. ಅವನು ಮಾಡಿದ ಒಂದು ಕೆಲಸವನ್ನು ಜನ ನಿಂತು ನೋಡಿದ್ದು ಅದೇ ಮೊದಲು. ಆ ಟಕ್ ಎಂಬ ಸದ್ದು ಅವನ ಕಿವಿ ಬಿಟ್ಟು ಹೋಗಲೇ ಇಲ್ಲ.

ಅಂದಿನಿಂದ ರವಿವಾರ ಬಂತೆಂದರೆ ಮೊದಲ ಬಸ್ಸಿಗೆ ಬೆಳಗಾವಿ. ಅಲ್ಲಿ ಒಬ್ಬ ನಿವೃತ್ತ ಸುಬೇದಾರ ಹೊಸಬರಿಗೆ ಕಲಿಸುತ್ತಿದ್ದ. ತನ್ನ ಹಳೆಯ ಕೋಲುಗಳನ್ನು ಅವನೇ ಮಹಾದೇವನಿಗೆ ದಾಟಿಸಿದ್ದ. ಮೊಣಕಾಲು ಸಡಿಲ ಬಿಡು, ಕೈ ಬಿಗಿ ಹಿಡಿಯಬೇಡ, ಎಲ್ಲಕ್ಕಿಂತ ಹೆಚ್ಚಾಗಿ ತಲೆ ಎತ್ತಬೇಡ ಎಂದು ಅವನ ಉಪದೇಶ. ಚೆಂಡು ಎಲ್ಲಿ ಹೋಯಿತೆಂದು ನೋಡುವ ಆಸೆಯೇ ಹೊಸಬನನ್ನು ಕೆಡಿಸುತ್ತದೆಯಂತೆ. ಮಹಾದೇವ ಇದನ್ನು ಊಟದ ಹೊತ್ತಿಗೆ ತಾಯಿಗೂ ಹೆಂಡತಿಗೂ ಹೇಳಿದ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕೊಡೆ ಹಿಡಿದು ಬೀಸಿದ. ಎದುರಿನ ಕಾಳಿನ ಅಂಗಡಿಯವರು ಮಹಾದೇವನಿಗೆ ಏನೋ ತಗುಲಿಕೊಂಡಿದೆ ಎಂದು ಆಡಿಕೊಂಡರು.

ಸೊಸೆ ರಾಜೇಶ್ವರಿ ಮಾತು ಕಡಿಮೆಯ ಹೆಣ್ಣು. ಆದರೆ ಒಂದು ದಿನ ಹಿತ್ತಲಿಂದ ಹಾರಿದ ಚೆಂಡು ಅಡಿಗೆಮನೆಯ ಕಿಟಕಿ ಹೊಕ್ಕು ಮಜ್ಜಿಗೆಯ ಗಡಿಗೆ ಒಡೆಯಿತು. ಮಧ್ಯಾಹ್ನ ಗಂಡ ಊಟಕ್ಕೆ ಕೂತಾಗ ಅವಳು ರೊಟ್ಟಿಯ ಬದಲು ಆ ಚೆಂಡನ್ನೇ ತಾಟಿಗೆ ಹಾಕಿದಳು.

“ಉಣ್ರಿ. ನಿಮ್ಮ ಹೊಟ್ಟಿ ತುಂಬಸೂದು ಇದ ಅಲ್ಲೇನ್ರಿ?”

ಮಗಳು ಅನ್ನಪೂರ್ಣಾ ಡಿಗ್ರಿ ಓದುವ ಹುಡುಗಿ, ಬಾಯಿಗೆ ವೇಲು ಒತ್ತಿಕೊಂಡು ನಕ್ಕು ಎದ್ದು ಹೋದಳು. ಮಹಾದೇವ ಚೆಂಡು ಒರೆಸಿ ಜೇಬಿಗೆ ಇಟ್ಟುಕೊಂಡ. ಇನ್ನು ಮನೆಯಲ್ಲಿ ಆಡುವುದಿಲ್ಲ, ಹೊಲಕ್ಕೆ ಹೋಗಿ ಆಡುತ್ತೇನೆ ಎಂದ. ಸಿದ್ದಲಿಂಗವ್ವನಿಗೆ ಆ ಮಾತು ಕೇಳಿ ಕಿವಿ ನೆಟ್ಟಗಾಯಿತು. ಈ ಮಗ ಹೊಲದ ಕಡೆ ಕಾಲಿಟ್ಟವನೇ ಅಲ್ಲ. ಬಿತ್ತನೆಗೊಮ್ಮೆ, ಸುಗ್ಗಿಗೊಮ್ಮೆ ಬೂಟು ಹಾಕಿಕೊಂಡು ಬಂದು ನಿಂತು ಹೋಗುವವನು.

ಸಂಪಗಾಂವದ ರಸ್ತೆಗಿರುವ ಆ ನಾಲ್ಕೆಕರೆ ಕರಿಮಣ್ಣಿನ ಎರೆ ಹೊಲಕ್ಕೆ ಊರವರೆಲ್ಲ ಕರಕಿ ಹೊಲ ಎನ್ನುತ್ತಾರೆ. ಗಣಪತಿಗೆ ಏರಿಸುವ ಗರಿಕೆಯೇ ಕರಕಿ. ದೇವರ ತಲೆಯ ಮೇಲೆ ಚಂದ, ಎರೆ ಹೊಲದಲ್ಲಿ ಮಾರಿ. ಬೇರು ತೊಡೆಯಾಳ ಇಳಿಯುತ್ತದೆ, ಒಂದು ಗಣ್ಣು, ಬೇರಿನ ಒಂದು ಗಂಟು, ಉಳಿದರೂ ಮತ್ತೆ ಹೊಲ ತುಂಬುತ್ತದೆ. ಸಿದ್ದಲಿಂಗವ್ವ ಮದುವೆಯಾಗಿ ಬಂದಾಗ ಆ ಹೊಲ ಬರೀ ಕರಕಿ. ಪುಕ್ಕಟೆ ಕೊಟ್ಟರೂ ಬೇಡ ಎನ್ನುವಂಥದ್ದು ಎಂದೇ ಗಂಡ ಗಂಗಪ್ಪನಿಗೆ ಅಗ್ಗಕ್ಕೆ ಸಿಕ್ಕಿತ್ತು. ಗಂಡಹೆಂಡತಿ ಇಬ್ಬರೇ ಬೇಸಿಗೆ ಮೇಲೆ ಬೇಸಿಗೆ ಗುದ್ದಲಿ ಹಿಡಿದು ಸೊಂಟದಾಳ ಕಡಿದರು. ಮಹಾದೇವ ಹೊಟ್ಟೆಯಲ್ಲಿದ್ದಾಗಲೂ ಕಡಿದಳು. ನೋವು ಕಾಣಿಸಿಕೊಂಡದ್ದೂ ಆ ಹೊಲದಲ್ಲೇ. ಆರಿಸಿದ ಬೇರನ್ನು ಬದುವಿನ ಮೇಲೂ ಬಿಡುತ್ತಿರಲಿಲ್ಲ, ಉಡಿಯಲ್ಲಿ ಕಟ್ಟಿ ಮನೆಗೆ ತಂದು ಬಚ್ಚಲ ಒಲೆಗೆ ಹಾಕುವುದು. ಗಂಗಪ್ಪ ಅದು ಪೂರಾ ಸುಡುವ ತನಕ ಎದ್ದೇಳುತ್ತಿರಲಿಲ್ಲ. ಹಾವು ಹೊಕ್ಕ ಮನಿ ಬಿಡಬಹುದು, ಕರಕಿ ಹೊಕ್ಕ ಹೊಲ ಬಿಡಾಕ ಬರಂಗಿಲ್ಲ ಎನ್ನುತ್ತಿದ್ದ. ಈಗ ಅಲ್ಲಿ ಒಂದೆಸಳು ಕರಕಿ ಇಲ್ಲ, ಹೆಸರು ಮಾತ್ರ ಉಳಿದಿದೆ. ಗಂಗಪ್ಪನೂ ಇಲ್ಲ. ಹೊಲ ಸಿದ್ದಲಿಂಗವ್ವನ ಹೆಸರಿಗಿತ್ತು. ಬರುವ ದಸರೆಗೆ ಮಗನ ಹೆಸರಿಗೆ ಹಚ್ಚಿ ಕಣ್ಣು ಮುಚ್ಚಿದರೆ ಸಾಕು ಎಂದು ಆಕೆಯ ಲೆಕ್ಕ.

ಮುಂಗಾರು ಹತ್ತಿರ ಬಂದಾಗ ಮಹಾದೇವ ತಾಯಿಯ ಎದುರು ಬಂದು ಕೂತ. ಹೊಲದ ಒಂದು ಮೂಲೆಯಲ್ಲಿ, ಕೊಳವೆ ಬಾವಿಯ ಹತ್ತಿರ, ಸ್ವಲ್ಪ ಹುಲ್ಲು ಬೆಳೆಸಲೇ ಎಂದು ಕೇಳಿದ. ಅವನ ಮನಸ್ಸಿನಲ್ಲಿದ್ದದ್ದು ಚೆಂಡು ಉರುಳಿಸಿ ಕುಳಿಗೆ ಹಾಕಲು ಮೆತ್ತನೆಯ ಹುಲ್ಲಿನ ಹಾಸು. ಅವಳ ಮನಸ್ಸಿಗೆ ಬಂದದ್ದು ಮನೆಯ ಎಮ್ಮೆ. ಮಗನಿಗೆ ಎಮ್ಮೆಯ ಮೇವಿನ ಚಿಂತೆ ಹತ್ತಿತಲ್ಲ ಎಂದು ಆಕೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬೆಳೆಸಪ್ಪ, ನಿನ್ನ ಹೊಲ ಎಂದಳು.

ಬೀಜ ಬಂದದ್ದು ಆ ಕಂಪನಿಯ ಸಾಹೇಬರ ಕಡೆಯಿಂದ. ಫಾರಿನ್ ಹುಲ್ಲು, ದೊಡ್ಡ ದೊಡ್ಡ ಮೈದಾನಗಳಲ್ಲಿ ಇದನ್ನೇ ಹಾಕುತ್ತಾರೆ ಎಂದು ಮಿರಿಮಿರಿ ಚೀಲದಲ್ಲಿ ಕಳಿಸಿದ್ದರು. ಊರಿಗೆಲ್ಲ ಬೀಜ ಮಾರುವ ಮಹಾದೇವ, ಚೀಲದ ಮೇಲಿನ ಚಿತ್ರ ನೋಡಿ ಮರುಳಾದ. ಬಿತ್ತನೆಯ ದಿನ ಮನೆಯ ಪದ್ಧತಿಯಂತೆ ತಾಯಿಯನ್ನು ಹೊಲಕ್ಕೆ ಕರೆತಂದ. ಆ ಹೊಲಕ್ಕೆ ಯಾವ ಬೀಜವೇ ಇರಲಿ, ಮೊದಲ ಹಿಡಿ ಸಿದ್ದಲಿಂಗವ್ವನ ಉಡಿಯಿಂದಲೇ ಬೀಳಬೇಕು. ಗಂಗಪ್ಪ ಇದ್ದಾಗಿನಿಂದ ನಡೆದು ಬಂದದ್ದು. ಹೆಸರು ಕಾಳಿನ ಮೊದಲ ಹಿಡಿ ಬಿತ್ತುವ ಕೂರಿಗೆಯ ಬಟ್ಟಲಿಗೆ ಹಾಕಿದಳು. ಆಮೇಲೆ ಮೂಲೆಗೆ ಬಂದು ಮಗ ಸುರಿದ ಹುಲ್ಲಿನ ಬೀಜವನ್ನು ಉಡಿಯಲ್ಲಿ ಹಿಡಿದು ನೋಡಿದಳು. ರಾಜಗಿರಿ ಕಾಳಿಗಿಂತ ಸಣ್ಣದು, ಮೇಲೆ ಹಸಿರು ಬಣ್ಣ ಬಳಿದಿತ್ತು. ಇಂಥ ಬೀಜ ಹುಟ್ಟಿದಂದಿನಿಂದ ಕಂಡಿಲ್ಲ ಎಂದಳು. ಕಣ್ಣು ಮುಚ್ಚಿ, ಗಂಡನನ್ನು ನೆನೆದು, ಗರಿಕೆಯ ಹಾಗೆ ಮನೆತನ ಹಬ್ಬಲಿ ಎಂದು ಹಾರೈಸಿ ಬೀಜ ಬೀರಿದಳು.

ಅಂದಿನಿಂದ ಮಹಾದೇವ ದಿನಾಲೂ ಬೆಳಗಾಗೆದ್ದು ಹೊಲಕ್ಕೆ ಹೊರಟ. ಕಾಲು ತುಂಬ ಕೆಸರು ಮಾಡಿಕೊಂಡು ಬರುತ್ತಿದ್ದ. ಸಿದ್ದಲಿಂಗವ್ವ ಮಠದಲ್ಲಿ ಸಿಕ್ಕ ಹೆಂಗಸರಿಗೆಲ್ಲ, ನಮ್ಮ ಮಾದೇವಗ ಈಗ ಮಣ್ಣಿನ ರುಚಿ ಹತ್ತೇತಿ ಎಂದು ಹೇಳಿಕೊಂಡಳು. ಆಟವನ್ನು ಬೈಯುವುದನ್ನು ಬಿಟ್ಟಳು. ಗರಿಗರಿ ಕಟಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಾನೇ ಬುತ್ತಿ ಕಟ್ಟಿ ಕೊಟ್ಟಳು.

ಆದರೆ ತಾನೂ ಬರುತ್ತೇನೆ ಎಂದರೆ ಮಾತ್ರ ಏನಾದರೊಂದು ಅಡ್ಡ ಬರುತ್ತಿತ್ತು. ಹೊಲದ ದಾರಿ ಕೆಸರಾಗಿದೆ ಎಂದು ಮಗ. ಜೋಳ ಹಸನು ಮಾಡಬೇಕಾಗಿದೆ, ನಿಮ್ಮ ಕೈಗೆ ಬಂದಂತೆ ನನಗೆ ಬರುವುದಿಲ್ಲ ಎಂದು ಸೊಸೆ. ಇಪ್ಪತ್ತೆರಡು ವರ್ಷದಿಂದ ಅತ್ತೆಯ ಕೈಗುಣ ಹೊಗಳದವಳು ಈಗ ಹೊಗಳಿದರೆ ಸಂಶಯ ಬರಬೇಕಾಗಿತ್ತು. ಮುದುಕಿಗೆ ಬರಲಿಲ್ಲ, ಹಿಗ್ಗಿ ಮೊರ ಹಿಡಿದು ಕೂತಳು. ಇದರ ನಡುವೆ ಜೋಳ ಅಳೆಯುವ ಹಿತ್ತಾಳೆಯ ಸೇರು ಕಾಣೆಯಾಯಿತು. ಸಿದ್ದಲಿಂಗವ್ವ ಮನೆ ತಲೆಕೆಳಗು ಮಾಡಿದಳು. ಮನೆಯ ಸೇರು ಕಳೆದರೆ ಲಕ್ಷ್ಮಿ ಹೋದ ಹಾಗೆ ಎಂದು ಒದರಾಡಿದಳು. ರಾಜೇಶ್ವರಿ ತಲೆ ತಗ್ಗಿಸಿ, ಬೇರೆ ತಂದರಾಯಿತು ಬಿಡ್ರಿ ಅತ್ತಿ ಎಂದಳು.

ಪಕ್ಕದ ಹೊಲದ ಉಳವಪ್ಪ ಬಂದದ್ದು ನಾಗಪಂಚಮಿ ಕಳೆದ ಮೇಲೆ, ಊಟದ ಹೊತ್ತಿಗೆ. ಸಿದ್ದಲಿಂಗವ್ವನಿಗೆ ಅಕ್ಕಾರ ಅನ್ನುವ ಮನುಷ್ಯ, ಎಂದೂ ಈ ಮನೆಯಲ್ಲಿ ಕೈತೊಳೆಯದೆ ಹೋದವನಲ್ಲ. ಅಂದು ರಾಜೇಶ್ವರಿ ನೀರಿನ ತಂಬಿಗೆ ಮುಂದಿಟ್ಟರೆ ಮುಟ್ಟಲಿಲ್ಲ. ನಮ್ಮ ಕಡೆ ವೈರಿ ಕೂಡ ಕೊಟ್ಟ ನೀರು ಬೇಡ ಎನ್ನುವುದಿಲ್ಲ. ಸಿದ್ದಲಿಂಗವ್ವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

“ಅಕ್ಕಾರ, ನಾ ನೀರು ಕುಡ್ಯಾಕ ಬಂದಿಲ್ಲ. ನಿಮ್ಮ ಹೊಲದಾಗಿನ ಕರಕಿ ಬದು ಏರೇತಿ. ನಾಳೆ ನನ್ನ ಹೊಲಕ್ಕ ಇಳಿತೈತಿ.”

“ನಮ್ಮ ಹೊಲದಾಗ ಕರಕಿ?” ಎಂದು ಸಿದ್ದಲಿಂಗವ್ವ ನಕ್ಕೇ ಬಿಟ್ಟಳು. “ಉಳವಪ್ಪಾ, ಹಾಡಹಗಲ ಏರಿಸೀದೇನು?”

ಅವನು ನಗಲಿಲ್ಲ. ಆಕೆ ಸೊಸೆಯ ಮುಖ ನೋಡಿದಳು. ರಾಜೇಶ್ವರಿ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ತಾಟು ಸರಿಸಿ ಎದ್ದು, ಮೊಮ್ಮಗಳಿಗೆ ಗಾಡಿ ತೆಗೆ ಎಂದಳು. ಊಟ ಮುಗಿಸು ಆಯಿ ಎಂದು ಅನ್ನಪೂರ್ಣಾ ಬೇಡಿಕೊಂಡರೂ ಕೇಳಲಿಲ್ಲ. ಲೂನಾದ ಹಿಂದೆ ಮೊಮ್ಮಗಳ ಸೊಂಟ ಹಿಡಿದು ಕೂತು ಹೊಲಕ್ಕೆ ಹೋದಳು. ದಾರಿಯುದ್ದಕ್ಕೂ, ಉಳವಪ್ಪಗ ಕಣ್ಣು ಮಂಜಾಗ್ಯಾವ, ಬ್ಯಾರೆ ಏನೋ ನೋಡ್ಯಾನ ಎಂದು ತನಗೆ ತಾನೇ ಹೇಳಿಕೊಂಡಳು.

ಹೊಲದ ಮೂಲೆಯಲ್ಲಿ ಹಸಿರು ಜಮಖಾನೆ ಹಾಸಿದ ಹಾಗೆ ಕರಕಿ ಬೆಳೆದಿತ್ತು. ಸಣ್ಣಗೆ ಕತ್ತರಿಸಿ, ಅಂಚು ತೀಡಿ, ನೀರುಣಿಸಿ ಬೆಳೆಸಿದ ಕರಕಿ. ನಡುವೆ ಒಂದು ಕೋಲಿಗೆ ಕೆಂಪು ಅರಿವೆ ಕಟ್ಟಿತ್ತು. ಕೋಲಿನ ಬುಡದಲ್ಲಿ ನೆಲಕ್ಕೆ ಹುಗಿದ ಹಿತ್ತಾಳೆಯ ಬಾಯಿ ಬಿಸಿಲಿಗೆ ಹೊಳೆಯಿತು. ಮನೆಯ ಸೇರು. ಸಿದ್ದಲಿಂಗವ್ವ ಕೂತು ಬೆರಳಿಂದ ಮಣ್ಣು ಕೆದರಿದಳು. ಬಿಳಿ ಬೇರು, ಗಣ್ಣು ಗಣ್ಣು. ಅದೇ. ತನ್ನ ಯೌವನವನ್ನೆಲ್ಲ ತಿಂದದ್ದು ಮತ್ತೆ ಎದುರಿಗೆ ಬಂದು ನಿಂತಿತ್ತು. ಕರಕಿಗೆ ಬೀಜವೂ ಇರುತ್ತದೆಂದು ಆಕೆಗೇನು ಗೊತ್ತು? ಕರಕಿಯನ್ನು ಕಡಿದವರುಂಟು, ಸುಟ್ಟವರುಂಟು, ಈ ಭೂಮಿಯ ಮೇಲೆ ಅದನ್ನು ಬಿತ್ತಿದವರು ಯಾರಿದ್ದಾರೆ? ಬಿತ್ತಿದ್ದು ತಾನೇ. ತನ್ನ ಉಡಿಯಿಂದ, ತನ್ನ ಕೈಯಿಂದ, ಹರಕೆ ಬೇರೆ ಹಾರೈಸಿ.

ಸುದ್ದಿ ಮುಟ್ಟಿ ಮಹಾದೇವ ಅಂಗಡಿಯಿಂದ ಓಡಿ ಬಂದಾಗ ತಾಯಿ ಇನ್ನೂ ಅಲ್ಲೇ ಕೂತಿದ್ದಳು. ಅವನು ದೂರದಲ್ಲೇ ಚಪ್ಪಲಿ ಬಿಟ್ಟು ಬಂದು ನಿಂತ.

“ಫಾರಿನ್ ಹುಲ್ಲಂದ್ರ ನಮ್ಮ ಕರಕೀನ ಅಂತ ನನಗೂ ಗೊತ್ತಿರಲಿಲ್ಲ ಬೇ. ಮೊಳಕಿ ಒಡದು ಎರಡು ಎಲಿ ಬಂದಾಗ ಗೊತ್ತಾತು. ನನ್ನ ಎದಿ ಒಡದಂಗಾತು. ಒಂದ್ ಕಡೆ ಔಷಧ ಹೊಡದು ನೋಡಿದೆ. ಒಣಗಿ ಮತ್ತ ಚಿಗೀತು.”

“ಗೊತ್ತಾದ ಮ್ಯಾಲೆ ನೀರು ಯಾಕ ಬಿಟ್ಟಿ?”

ಅವನು ಬಗ್ಗಿ ಕೋಲಿನ ಕೆಂಪು ಅರಿವೆಯ ಗಂಟು ಸರಿಮಾಡಿದ.

“ಮಾದೇವಾ, ಒಣಗಾಕ ಬಿಡಲಿಲ್ಲ ನೀ. ಕತ್ತರಸೀದಿ, ಅಂಚು ತೀಡೀದಿ. ಯಾಕ?”

ಮಹಾದೇವ ಹುಲ್ಲನ್ನೇ ನೋಡುತ್ತ ಹೇಳಿದ. “ಚಂದಾಗಿತ್ತು ಬೇ. ನಾ ಹುಟ್ಟಿದಾಗಿಂದ ಬ್ಯಾರೇದವರಿಗೆ ಬೀಜಾ ಮಾರೇನಿ. ನನ್ನ ಕೈಲೆ ಬೆಳದದ್ದು ಇದೊಂದ.”

ಸಿದ್ದಲಿಂಗವ್ವನಿಗೆ ಬೈಗುಳಕ್ಕೇನು ಬರವಿರಲಿಲ್ಲ. ಬೈಲಹೊಂಗಲದ ಸಂತೆಯಲ್ಲಿ ಆಕೆಯ ಬಾಯಿಗೆ ಎದುರು ನಿಂತವರಿಲ್ಲ. ಆದರೆ ಈಗ ಬೈಯದೆ ಬೆರಳಿನ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು, ನಾ ಒಬ್ಬಾಕಿನ ಮೊರ ಹಿಡಕೊಂಡು ಕುಂತೆ ಎಂದಷ್ಟೇ ಹೇಳಿ ಎದ್ದಳು.

ಮನೆಯಲ್ಲಿ ಎರಡು ದಿನ ಬಡಿದ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು. ಪೇಟೆಯಲ್ಲಿ ಸುದ್ದಿ ಹಬ್ಬಿತು. ಕರಕಿ ಬಿತ್ತಿದವನ ಹತ್ತಿರ ಬೀಜ ಹೇಗೆ ಒಯ್ಯುವುದು ಎಂದು ಗಿರಾಕಿಗಳು ಬೇರೆ ಅಂಗಡಿಯ ಮೆಟ್ಟಿಲು ಹತ್ತಿದರು. ರಾಜೇಶ್ವರಿ ಅತ್ತೆಯ ಕಾಲು ಹಿಡಿದು, ನಿಮಗೆ ಹೇಳಿದರೆ ನಿಮ್ಮ ಜೀವ ಹೋದೀತೆಂದು ಅಂಜಿ ಮುಚ್ಚಿಟ್ಟೆವು ಎಂದು ಅತ್ತಳು. ಸಿದ್ದಲಿಂಗವ್ವ ಕಾಲು ಎಳೆದುಕೊಳ್ಳಲಿಲ್ಲ. ದಸರೆಗೆ ಹೊಲ ಹೆಸರಿಗೆ ಹಚ್ಚುವ ಮಾತು ಎತ್ತಿದಾಗ ಮಾತ್ರ, ಕರಕಿ ಇರೂತನಕಾ ಅದು ನನ್ನ ಹೆಸರಲೇ ಇರಲಿ, ಆ ಮಣ್ಣಿನ ಪಾಪ ನನ್ನ ಕೈಯಿಂದ ಆಗೇತಿ ಎಂದಳು.

ಮಹಾದೇವ ಗುದ್ದಲಿ ಕೊಂಡು ತಂದು ನಾಳೆಯೇ ಕಡಿಯುತ್ತೇನೆ ಎಂದ. ಮಳೆಯಲ್ಲಿ ಕಡಿದರೆ ತುಂಡಿಗೊಂದು ಹುಟ್ಟುತ್ತದೆ, ಬೇಸಿಗೆಯ ಬಿಸಿಲಿಗೆ ಬೇರು ತಿರುವಿ ಹಾಕಿದರೆ ಮಾತ್ರ ಸಾಯುತ್ತದೆ ಎಂದು ತಾಯಿ ತಡೆದಳು. ಸದ್ಯಕ್ಕೆ ಕರಕಿ ಹರಡದಂತೆ ಸುತ್ತಲೂ ಆಳವಾಗಿ ತಗ್ಗು ತೆಗೆಯಬೇಕು. ಮನೆಯವರೆಲ್ಲ ಸೇರಿ ತೆಗೆದರು. ಕೊನೆಗೆ ಉಳವಪ್ಪನೂ ಬಂದು ಕೈಹಚ್ಚಿದ, ನೀರೂ ಕುಡಿದ. ತಗ್ಗು ಮುಗಿದ ಸಂಜೆ ಸಿದ್ದಲಿಂಗವ್ವ ಮಗನಿಗೆ ಹೇಳಿದಳು:

“ಶಿವರಾತ್ರಿ ತನಕಾ ಆಡು.”

“ಏನಂದಿ ಬೇ?” ಮಹಾದೇವ ತಾಯಿಗೆ ತಲೆ ಕೆಟ್ಟಿತೇನೋ ಎಂಬಂತೆ ನೋಡಿದ.

“ಹೂ ಬಿಡಬಾರದು, ಬೀಜ ಆಗಬಾರದು. ಸಣ್ಣಾಗಿ ಕತ್ತರಸ್ತ ಇರು. ಕತ್ತರಸಿದ ಮ್ಯಾಲೆ ಆಡು. ಶಿವರಾತ್ರಿ ಆತಂದ್ರ ಗುದ್ದಲಿ ಹಿಡಿ. ಆಳು ಬ್ಯಾಡ, ನೀನ ಕಡಿಬೇಕು.”

ಹಾಗೆ ಒಂದು ವಿಚಿತ್ರ ಸುಗ್ಗಿ ಶುರುವಾಯಿತು. ಮಗ ಆಡುತ್ತಿದ್ದ, ತಾಯಿ ಕುಡಗೋಲು ಹಿಡಿದು ತಗ್ಗಿನ ಸುತ್ತ ತಿರುಗಿ, ದಾಟಲು ಬಂದ ಎಳೆಗಳನ್ನು ಕೊಯ್ದು ಉಡಿಗೆ ಹಾಕಿಕೊಳ್ಳುತ್ತಿದ್ದಳು. ಅವನ ಹೊಡೆತ ಒಮ್ಮೆ ಆಕಡೆ, ಒಮ್ಮೆ ಈಕಡೆ. ಒಂದು ಸಂಜೆ ಚೆಂಡು ಮೆಲ್ಲಗೆ ಉರುಳುತ್ತ ಹೋಗಿ, ಸೇರಿನ ಬಾಯಿಯ ಹತ್ತಿರ ನಿಂತೇ ಬಿಟ್ಟಿತು ಎನ್ನುವಷ್ಟರಲ್ಲಿ ಠಣ್ ಎಂದು ಒಳಗೆ ಬಿತ್ತು. ಸಿದ್ದಲಿಂಗವ್ವ ಅಷ್ಟು ಹೊತ್ತು ಉಸಿರು ಹಿಡಿದು ನಿಂತಿದ್ದಳು. ಅದು ಗೊತ್ತಾಗಿ ಆಕೆಗೆ ಗಾಬರಿಯಾಯಿತು. ಕರಕಿಯ ಮೇಲೆ ಏನೋ ಚಂದ ಕಂಡೆನಲ್ಲ, ಗಂಗಪ್ಪ ಇದ್ದಿದ್ದರೆ ಏನಂದುಕೊಳ್ಳುತ್ತಿದ್ದ ಎಂದು ಕೆನ್ನೆ ಬಡಿದುಕೊಂಡಳು.

ಶಿವರಾತ್ರಿಯ ಮರುದಿನ ಮಹಾದೇವ ಸೇರನ್ನು ಕಿತ್ತು ತೊಳೆದು ಮನೆಗೆ ಕೊಟ್ಟ. ಗಾಲ್ಫ್ ಕೋಲನ್ನು ಮೊಳೆಗೆ ತೂಗುಹಾಕಿ ಗುದ್ದಲಿ ಹಿಡಿದ. ಮೊದಲ ದಿನವೇ ಅಂಗೈ ಒಡೆದು ಹುಣ್ಣಾಯಿತು. ತೊಡೆಯಾಳ ಇಳಿದರೂ ಬೇರು ಮುಗಿಯಲಿಲ್ಲ, ಸೊಂಟದಾಳ ಇಳಿದ. ಅಂಗಡಿಯನ್ನು ರಾಜೇಶ್ವರಿ ನೋಡಿಕೊಂಡಳು, ಮಧ್ಯಾಹ್ನ ಬುತ್ತಿ ತಂದು ತಾನೂ ಬೇರು ಆರಿಸಿದಳು. ಎಷ್ಟು ಉಳಿದಿದೆ ಎಂದು ಮಹಾದೇವ ಸಾರಿ ಸಾರಿ ತಲೆ ಎತ್ತಿ ನೋಡುತ್ತಿದ್ದ. ತಲಿ ಎತ್ತಬ್ಯಾಡ, ನೋಡಿದರ ಕೈ ಸೋಲತಾವು ಎಂದು ಸಿದ್ದಲಿಂಗವ್ವ ಗದರಿದಳು. ಅವನು ತಗ್ಗಿನೊಳಗೆ ನಿಂತು ಬೆವರು ಒರೆಸಿಕೊಂಡು ನಕ್ಕ, ಸುಬೇದಾರನೂ ಇದನ್ನೇ ಹೇಳುತ್ತಾನೆ ಎಂದ. ಆ ಬೇಸಿಗೆಯೆಲ್ಲ ಅವನು ಬೆಳಗಾವಿಯ ಬಸ್ಸು ಹತ್ತಲಿಲ್ಲ.

ಮತ್ತೆ ಮುಂಗಾರು ಬಂತು. ಬಿತ್ತನೆಯ ದಿನ ಸಿದ್ದಲಿಂಗವ್ವ ಬದುವಿನ ಮೇಲೆಯೇ ನಿಂತಳು. ಮೊದಲ ಹಿಡಿ ಹಾಕು ಬಾ ಎಂದು ಮಗ ಕರೆದರೆ ಬರಲಿಲ್ಲ.

“ಈ ಕೈ ಒಮ್ಮೆ ಕರಕಿ ಬಿತ್ತೇತಿ. ನೀನ ಹಾಕು.”

ಮಹಾದೇವ ಚೀಲದ ಬಾಯಿ ಬಿಚ್ಚಿದ. ಆ ಬೀಜವನ್ನು ಅವನು ವಾರದ ಹಿಂದೆಯೇ ಒದ್ದೆ ಅರಿವೆಯಲ್ಲಿ ಮೊಳಕೆ ಬರಿಸಿ ನೋಡಿದ್ದ. ಅಂಗಿಯ ಚುಂಗನ್ನೇ ಉಡಿ ಮಾಡಿ ಹಿಡಿದು, ಮೊದಲ ಹಿಡಿ ಹಾಕಿ, ಕೂರಿಗೆಯ ಹಿಂದೆ ತಲೆ ತಗ್ಗಿಸಿ ನಡೆದ. ಹಳೆಯ ಮೂಲೆಗೆ ಬಂದಾಗ ಒಮ್ಮೆ ಕುಕ್ಕರಗಾಲಲ್ಲಿ ಕೂತು ಏನೋ ಕಿತ್ತು ಜೇಬಿಗೆ ಹಾಕಿಕೊಂಡ.

ಸಂಜೆ ಸಿದ್ದಲಿಂಗವ್ವ ಕೈಕಾಲು ತೊಳೆಯಲು ಬಚ್ಚಲಿಗೆ ಹೋದಾಗ ಮಹಾದೇವ ಒಲೆಯ ಮುಂದೆ ಕೂತಿದ್ದ. ಜೇಬು ತಿರುವಿದ. ಒಂದು ಬಿಳಿ ಚೆಂಡು ಉರುಳಿ ಬಿತ್ತು, ಅದರ ಹಿಂದೆ ಬೆರಳುದ್ದದ ಕರಕಿಯ ಬೇರು. ಚೆಂಡನ್ನು ಪಕ್ಕಕ್ಕಿಟ್ಟು ಬೇರನ್ನು ಬೆಂಕಿಗೆ ಹಾಕಿದ. ಆಮೇಲೂ ಎದ್ದೇಳಲಿಲ್ಲ. ಕೈಯಲ್ಲಿ ಕಡ್ಡಿ ಹಿಡಿದು ಕೆದಕುತ್ತ ಒಲೆಯೊಳಗೇ ನೋಡುತ್ತ ಕೂತ. ಅದೇ ಬೆನ್ನು, ಅದೇ ಕೂರುವ ರೀತಿ. ಗಂಗಪ್ಪ ಹೀಗೆ ಕೂರುತ್ತಿದ್ದಾಗ ಈ ಮಗ ಇನ್ನೂ ತೊಟ್ಟಿಲಲ್ಲಿದ್ದ. ಇವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆಕೆ ಬಚ್ಚಲ ಬಾಗಿಲು ಹಿಡಿದು ನಿಂತಳು.

“ಮಾದೇವಾ, ಸ್ವಾಮವಾರ ಅಂಗಡಿ ಬಂದ್ ಇಡು. ಕಚೇರಿಗೆ ಹೋಗಿ ಹೊಲಾ ನಿನ್ನ ಹೆಸರಿಗೆ ಹಚ್ಚೂನು.”

ಮಹಾದೇವ ತಲೆ ಎತ್ತಲಿಲ್ಲ.

“ತಡಿ ಬೇ,” ಎಂದ. “ಇನ್ನೊಂದು ಗಣ್ಣು ಹಸಿ ಐತಿ.”